ಬೋಧಗಯೆಯ ಮಹಾಬೋಧಿ ದೇವಾಲಯ: ಈಗ ನಿಂತಿರುವುದರಲ್ಲಿ ಹಳೆಯದು ಎಷ್ಟು?

ತುಂಗಾತೀರ (ಪ್ರಶ್ನೆ)

ಮಾನ್ಯರೇ, ಬೋಧಗಯೆಯ ಮಹಾಬೋಧಿ ದೇವಾಲಯದ ಕಾಲದ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಪ್ರವಾಸಿ ಕೈಪಿಡಿಗಳು ಅಶೋಕ ಕಟ್ಟಿಸಿದ್ದು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. 2002ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ, ಈಗಿನ ಕಟ್ಟಡವನ್ನು 5-6ನೆಯ ಶತಮಾನದ್ದೆಂದೂ, ಪೂರ್ತಿ ಇಟ್ಟಿಗೆಯಲ್ಲಿಯೇ ಕಟ್ಟಿ ಇಂದಿಗೂ ನಿಂತಿರುವ ಭಾರತದ ಅತಿ ಹಳೆಯ ಬೌದ್ಧ ದೇವಾಲಯಗಳಲ್ಲಿ ಒಂದೆಂದೂ ಹೇಳುತ್ತದೆ. ಇನ್ನು ಕೆಲವರು, ನಾವು ಕಾಣುವುದೆಲ್ಲ 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಹೊಸದಾಗಿ ಕಟ್ಟಿದ್ದು, ಹಳೆಯದೆಂಬ ಮಾತು ಬರಿಯ ಭಕ್ತಿ ಎಂದು ವಾದಿಸುತ್ತಾರೆ. ಮೂರೂ ಮಾತು ಏಕಕಾಲಕ್ಕೆ ನಿಜವಾಗಲಾರವು.

ನನಗೆ ತಿಳಿಯಬೇಕಾಗಿರುವುದು ಮುಖ್ಯವಾಗಿ ಎರಡು ಸಂಗತಿ. ಗೋಪುರದ ಯಾವ ಭಾಗ ಯಾವ ಕಾಲದ್ದೆಂದು ಹೇಳಲು ಶಾಸನ, ಯಾತ್ರಿಕರ ಬರಹ, ಉತ್ಖನನ ಇವುಗಳಲ್ಲಿ ಗಟ್ಟಿಯಾದ ಆಧಾರ ಯಾವುದು? ಮತ್ತು ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಆ ಕಾಲದಲ್ಲಿ ಬರಿಯ ಇಟ್ಟಿಗೆಯಿಂದ ನಿಲ್ಲಿಸಿದ್ದು ಹೇಗೆ? ಬಾದಾಮಿ, ಐಹೊಳೆಗಳ ಕಲ್ಲಿನ ಗುಡಿಗಳನ್ನು ನೋಡಿ ಬೆಳೆದ ನನಗೆ ಇಟ್ಟಿಗೆಯ ದೇವಾಲಯದ ತರ್ಕವೇ ಅಪರಿಚಿತ. ದೇವಾಲಯದ ಆಡಳಿತದ ವಿವಾದವನ್ನು ದಯವಿಟ್ಟು ಇಲ್ಲಿ ಎತ್ತಬೇಡಿ; ಅದಕ್ಕೆ ಬೇರೆ ಚರ್ಚೆಗಳು ನಡೆದಿವೆ.

ಶಿಲಾಲೇಖ (ಉತ್ತರ)

ತುಂಗಾತೀರ ಅವರೇ, ನೀವು ಹೇಳಿದ ಮೂರು ಮಾತುಗಳಲ್ಲಿ ಪ್ರತಿಯೊಂದೂ ಆ ಸ್ಥಳದ ಒಂದೊಂದು ಪದರದ ಮಟ್ಟಿಗೆ ನಿಜ. ಇಡೀ ಕಟ್ಟಡಕ್ಕೆ ಅನ್ವಯಿಸಿದಾಗ ಮಾತ್ರ ಸುಳ್ಳಾಗುತ್ತದೆ. ಆದ್ದರಿಂದ ಪದರಗಳನ್ನು ಬಿಡಿಸಿಕೊಂಡು ನೋಡುವುದು ಒಳ್ಳೆಯದು.

ಅಶೋಕನಿಂದ ಆರಂಭಿಸೋಣ. ಪಟ್ಟಾಭಿಷೇಕವಾಗಿ ಹತ್ತು ವರ್ಷ ಕಳೆದ ಮೇಲೆ ತಾನು ಸಂಬೋಧಿಗೆ (ಅಂದರೆ ಬೋಧಗಯೆಗೆ) ಹೋದುದಾಗಿ ಅವನೇ ತನ್ನ 8ನೆಯ ಬಂಡೆಗಲ್ಲು ಶಾಸನದಲ್ಲಿ ಹೇಳಿಕೊಂಡಿದ್ದಾನೆ; ಅಂದರೆ ಕ್ರಿ.ಪೂ. 260ರ ಆಸುಪಾಸು. ಆದರೆ ಅವನ ಕಾಲಕ್ಕೆ ಅಲ್ಲಿ ಗೋಪುರವಿತ್ತೆಂಬುದಕ್ಕೆ ಏನೇನೂ ಆಧಾರವಿಲ್ಲ. ಇದ್ದುದು ಅರಳಿ ಮರ, ಅದರ ಬುಡದಲ್ಲಿ ಒಂದು ಆಸನ. ಭಾರ್ಹುತದ ಸ್ತೂಪದ ಕಟಕಟೆಯ ಮೇಲೆ, ಕ್ರಿ.ಪೂ. ಸುಮಾರು 100ರಲ್ಲಿ ಕೆತ್ತಿದ ಒಂದು ಉಬ್ಬುಶಿಲ್ಪದಲ್ಲಿ ಈ ಸ್ಥಳದ ಚಿತ್ರವೇ ಇದೆ: ಮರದ ಸುತ್ತ ಕಂಬಗಳ ಮೇಲೆ ನಿಂತ, ನಡುವೆ ಬಯಲಾಗಿ ಬಿಟ್ಟ ಮಂಟಪ, ಮರ ಅದರ ಮೇಲಕ್ಕೆ ಚಾಚಿಕೊಂಡಿದೆ, ಪಕ್ಕದಲ್ಲಿ ಆನೆಯನ್ನು ಹೊತ್ತ ಒಂದು ಸ್ತಂಭ. ಇದು ಶಾಕ್ಯಮುನಿಯ ಬೋಧಿ ಎಂದು ಶಿಲ್ಪಿಯೇ ಬ್ರಾಹ್ಮಿಯಲ್ಲಿ ಬರೆದಿಟ್ಟಿರುವುದರಿಂದ ಊಹೆಗೆ ಎಡೆಯಿಲ್ಲ. ಈ ಬಯಲು ಮಂಟಪವೇ ಅಲ್ಲಿಯ ಮೊದಲ ಕಟ್ಟಡ.

ಮೌರ್ಯರ ಕಾಲದ್ದೆಂದು ಇಂದಿಗೂ ಬೆರಳಿಟ್ಟು ತೋರಿಸಬಹುದಾದದ್ದು ವಜ್ರಾಸನದ, ಅಂದರೆ ಬುದ್ಧ ಜ್ಞಾನ ಪಡೆದ ಜಾಗದ ಆಸನದ, ಮರಳುಗಲ್ಲಿನ ಚಪ್ಪಡಿ. ನುಣುಪಾದ ಮೆರುಗು ಕೊಟ್ಟ ಆ ಕಲ್ಲಿನ ಅಂಚಿನಲ್ಲಿ ಹಂಸಗಳೂ ತಾಳೆಗರಿಯಂಥ ಬಳ್ಳಿಹೂಗಳೂ ಒಂದರ ಪಕ್ಕ ಒಂದು ಸಾಲಾಗಿ ಬರುತ್ತವೆ. ಅಶೋಕಸ್ತಂಭಗಳ ಬೋದಿಗೆಯ ಕೆಳಗಿನ ಪಟ್ಟಿಯನ್ನು ಕಂಡವರಿಗೆ ಈ ಕೈಕೆಲಸ ತಕ್ಷಣ ಗುರುತು ಸಿಗುತ್ತದೆ. ದೇವಾಲಯದ ಹಿಂಬದಿಯಲ್ಲಿ ನಂತರದ ಗಾರೆಯ ಪೀಠದ ಮರೆಯಲ್ಲಿದ್ದ ಇದನ್ನು 19ನೆಯ ಶತಮಾನದ ದುರಸ್ತಿಯ ಸಮಯದಲ್ಲಿ ಹೊರತೆಗೆಯಲಾಯಿತು.

ಎರಡನೆಯ ಪದರ ಕಲ್ಲಿನ ಕಟಕಟೆ. ಇದರಲ್ಲಿಯೇ ಎರಡು ಕಾಲಗಳಿವೆ. ಮರಳುಗಲ್ಲಿನ ಕಂಬಗಳು ಕ್ರಿ.ಪೂ. 2-1ನೆಯ ಶತಮಾನದವು, ಅವುಗಳಲ್ಲಿ ಹಲವುದರ ಮೇಲೆ ಕುರಂಗಿ ಎಂಬ ಹೆಣ್ಣುಮಗಳ ದಾನವೆಂದು ಕೊರೆದಿದೆ. ಗ್ರಾನೈಟಿನ ಕಂಬಗಳು ಗುಪ್ತರ ಕಾಲದ ಸೇರ್ಪಡೆ. ಹಳೆಯ ಕಂಬಗಳಲ್ಲಿ ನಾಲ್ಕು ಕುದುರೆಗಳ ರಥವೇರಿದ ಸೂರ್ಯನೂ ಇದ್ದಾನೆ, ಗಜಲಕ್ಷ್ಮಿಯೂ ಇದ್ದಾಳೆ. ಇವು ಬೌದ್ಧ ಸ್ಥಳಕ್ಕೆ ಹೇಗೆ ಬಂದವೆಂದು ಅಚ್ಚರಿಪಡುವವರು, ಆ ಕಾಲದ ದಾನಿಗಳು ನಮ್ಮಂತೆ ಮತಗಳನ್ನು ಪೆಟ್ಟಿಗೆಗಳಲ್ಲಿ ಬೇರೆಬೇರೆ ಇಟ್ಟಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

ಮೂರನೆಯದು ನಿಮ್ಮ ಪ್ರಶ್ನೆಯ ಗೋಪುರ. ಇದಕ್ಕೆ ಗಟ್ಟಿ ಸಾಕ್ಷಿ ಹ್ಯೂಯೆನ್ ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟ ಅದೇ ಯಾತ್ರಿಕ, 630ರ ದಶಕದಲ್ಲಿ ಇಲ್ಲಿಗೆ ಬಂದು ಕಂಡದ್ದನ್ನು ಹೀಗೆ ವಿವರಿಸುತ್ತಾನೆ: ಎತ್ತರ 160-170 ಅಡಿ, ನೀಲಿ ಛಾಯೆಯ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ, ಅಂತಸ್ತು ಅಂತಸ್ತಿಗೂ ಗೂಡುಗಳು, ಗೂಡುಗಳಲ್ಲಿ ಚಿನ್ನದ ಬಣ್ಣದ ಮೂರ್ತಿಗಳು, ತುದಿಯಲ್ಲಿ ಚಿನ್ನದ ಮುಲಾಮಿನ ತಾಮ್ರದ ಆಮಲಕ (ನೆಲ್ಲಿಕಾಯಿಯಾಕಾರದ ಶಿಖರಭಾಗ), ಪೂರ್ವಕ್ಕೆ ಅಂತಸ್ತುಗಳುಳ್ಳ ಮುಖಮಂಟಪ. ಈಗಿನ ಗೋಪುರದ ಎದುರು ನಿಂತು ಈ ವಿವರಣೆಯನ್ನು ಓದಿದರೆ ಮುಖಮಂಟಪ ಒಂದನ್ನು ಬಿಟ್ಟು ಉಳಿದೆಲ್ಲ ಹೊಂದುತ್ತದೆ. ಆದ್ದರಿಂದ 7ನೆಯ ಶತಮಾನದ ಮೊದಲರ್ಧಕ್ಕೆ ಈ ಆಕಾರದ ಕಟ್ಟಡ ಅಲ್ಲಿತ್ತೆಂಬುದು ನಿಶ್ಚಿತ. ಅಶೋಕ ಮೊದಲು ಚಿಕ್ಕ ವಿಹಾರವೊಂದನ್ನು ಕಟ್ಟಿಸಿದನೆಂದೂ, ನಂತರ ಒಬ್ಬ ಬ್ರಾಹ್ಮಣ ಅದನ್ನು ದೊಡ್ಡದಾಗಿಸಿದನೆಂದೂ ಅವನು ಕೇಳಿದ ಕಥೆ. ಅಶೋಕನ ಹೆಸರಿಗೆ ಇಡೀ ಗೋಪುರವನ್ನು ಬರೆದುಕೊಡುವವರು ಈ ಸಾಲನ್ನು ಓದಿಲ್ಲವೆಂದು ಕಾಣುತ್ತದೆ.

ಗೋಪುರ ಗುಪ್ತರ ಕಾಲಕ್ಕಿಂತಲೂ ಹಳೆಯದೆಂದು ಹೇಳುವವರು ಪಟ್ನಾದ ಕುಮ್ರಹಾರದಲ್ಲಿ ಪುರಾತತ್ವಜ್ಞ ಸ್ಪೂನರ್ ಅವರಿಗೆ ದೊರೆತ ಸುಟ್ಟಮಣ್ಣಿನ ಬಿಲ್ಲೆಯೊಂದನ್ನು ಆಧಾರವಾಗಿ ಕೊಡುತ್ತಾರೆ. ಅದರಲ್ಲಿ ಕಿರಿದಾಗುತ್ತ ಏರುವ ಗೋಪುರ, ಒಳಗೆ ಕುಳಿತ ಬುದ್ಧ, ಸುತ್ತ ಕಟಕಟೆ, ಖರೋಷ್ಠಿ ಲಿಪಿಯ ಬರಹ ಎಲ್ಲವೂ ಇವೆ. ಅದು ಬೋಧಗಯೆಯದೇ ಚಿತ್ರವೆಂದು ಎಲ್ಲರೂ ಒಪ್ಪಿಲ್ಲ. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಬಿಲ್ಲೆಯ ಮೇಲೆ ಇಡೀ ದೇವಾಲಯದ ಕಾಲನಿರ್ಣಯವನ್ನು ಹೇರುವುದು ನನಗೂ ಸರಿಕಾಣುವುದಿಲ್ಲ.

ಗಾರೆಗೋಡೆ (ಉತ್ತರ)

ಶಿಲಾಲೇಖ ಅವರು ಕಾಲದ ಮಾತನ್ನು ಚೆನ್ನಾಗಿ ಬಿಡಿಸಿದ್ದಾರೆ. ಹಳೆಯ ಕಟ್ಟಡಗಳ ದುರಸ್ತಿಯ ಕೆಲಸದಲ್ಲಿ ಇರುವವನಾದ್ದರಿಂದ ನಾನು ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ.

ಮೊದಲಿಗೆ, ಗಯೆಯ ಸುತ್ತ ಕಲ್ಲಿಗೆ ಬರವಿರಲಿಲ್ಲ. ಅಶೋಕನೇ ಆಜೀವಿಕ ಪಂಥದ ಸನ್ಯಾಸಿಗಳಿಗೆ ಕೊರೆಸಿಕೊಟ್ಟ ಬರಾಬರ್ ಗುಹೆಗಳು ಅದೇ ಸೀಮೆಯ ಗ್ರಾನೈಟ್ ಗುಡ್ಡಗಳಲ್ಲಿವೆ. ಹಾಗಿದ್ದೂ ಇಟ್ಟಿಗೆಯನ್ನೇ ಆರಿಸಿದರೆಂದರೆ ಅದು ಆಯ್ಕೆಯೇ ಹೊರತು ಬಡತನವಲ್ಲ. ನಿರಂಜನಾ ನದಿಯ ದಂಡೆಯಲ್ಲಿ ಮೆಕ್ಕಲು ಮಣ್ಣು ಕೈಗೆಟಕುವಷ್ಟು ಹತ್ತಿರ, ಸುಡಲು ಸೌದೆಯೂ ಆಗ ಹೇರಳ. ಒಬ್ಬ ಆಳು ಎತ್ತಬಹುದಾದ ತೂಕದ ಇಟ್ಟಿಗೆಯನ್ನು 50 ಮೀಟರ್ ಮೇಲಕ್ಕೆ ಸಾಗಿಸುವುದಕ್ಕೂ, ಟನ್ನುಗಟ್ಟಲೆ ತೂಗುವ ಕಲ್ಲನ್ನು ಏರಿಸುವುದಕ್ಕೂ ಇರುವ ಅಂತರವನ್ನು ಯೋಚಿಸಿ.

ಗೋಪುರ ನಿಂತಿರುವ ಗುಟ್ಟು ಅದರ ಆಕಾರದಲ್ಲಿಯೇ ಇದೆ. ನಾಲ್ಕೂ ಮುಖಗಳು ಬಾಗದೆ, ಉಬ್ಬದೆ, ನೇರ ಗೆರೆಯಲ್ಲಿ ಒಳಕ್ಕೆ ವಾಲುತ್ತ ಏರುತ್ತವೆ. ಇಟ್ಟಿಗೆಯ ಪ್ರತಿ ವರಸೆಯನ್ನೂ (ಸಾಲನ್ನೂ) ಕೆಳಗಿನ ವರಸೆಗಿಂತ ಕೂದಲೆಳೆಯಷ್ಟು ಒಳಕ್ಕೆ ಸರಿಸಿಕೊಂಡು ಹೋದರೆ ಸಾಕು, ಭಾರವೆಲ್ಲ ನೇರ ಕೆಳಕ್ಕೆ ಇಳಿಯುತ್ತದೆ. ಇಟ್ಟಿಗೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಮಾತ್ರ ತಾಳುವುದಿಲ್ಲ. ಈ ಆಕಾರದಲ್ಲಿ ಎಳೆತವೇ ಹುಟ್ಟದು. ಗರ್ಭಗೃಹದ ಮೇಲೊಂದು ಕೋಣೆ, ಅದರ ಮೇಲೆ ಗೋಪುರದ ಒಡಲು ಟೊಳ್ಳು. ಹಾಗಾಗಿ ಗೋಡೆಗಳ ದಪ್ಪವನ್ನು ಬಿಟ್ಟರೆ ನೆಲಕ್ಕೆ ಬೇರೆ ಹೊರೆಯಿಲ್ಲ. ಆ ಕಾಲದ ಗಂಗಾ ಬಯಲಿನ ಇಟ್ಟಿಗೆ ಕಟ್ಟಡಗಳಲ್ಲಿ ಸಂದುಗಳಿಗೆ ಹೆಚ್ಚಾಗಿ ಬಳಸುತ್ತಿದ್ದುದು ಮಣ್ಣಿನ ಗಾರೆ. ಇಟ್ಟಿಗೆಯನ್ನು ಉಜ್ಜಿ ಮಟ್ಟಸಮಾಡಿ ಸಂದು ತೆಳುವಾಗುವಂತೆ ಕೂರಿಸಿದರೆ ಗಾರೆಯ ಕೆಲಸ ಅಂಟಿಸುವುದಲ್ಲ, ತೂಕವನ್ನು ಸಮನಾಗಿ ಹಂಚುವುದು ಮಾತ್ರ. ಸಿಮೆಂಟಿಲ್ಲದೆ ಕಟ್ಟಡ ನಿಲ್ಲದೆಂದು ನಂಬಿರುವ ಇಂದಿನ ಮೇಸ್ತ್ರಿಗಳಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ಹೊರಮೈ ಮಾತ್ರ ಸುಣ್ಣದ ಗಾರೆಯದು. ಗೂಡುಗಳ ಅಂಚು, ಅರೆಗಂಬ, ಕಮಲದ ಎಸಳು ಇವುಗಳ ಒರಟು ರೂಪವನ್ನು ಇಟ್ಟಿಗೆಯಲ್ಲಿಯೇ ಕತ್ತರಿಸಿ, ನಯವಾದ ರೂಪವನ್ನು ಗಾರೆಯಲ್ಲಿ ತಿದ್ದುತ್ತಿದ್ದರು. ಇಟ್ಟಿಗೆ ಗುಡಿಯ ಕಾಲನಿರ್ಣಯ ಜಟಿಲವಾಗುವುದು ಇಲ್ಲಿಯೇ. ಗಾರೆಯ ಹೊದಿಕೆಗೆ ಕೆಲವು ತಲೆಮಾರುಗಳ ಆಯುಷ್ಯ. ಉದುರಿದಾಗ ಹೊಸದಾಗಿ ಬಳಿಯಲೇಬೇಕು, ಇಲ್ಲವಾದರೆ ಮಳೆನೀರು ಮಣ್ಣಿನ ಸಂದಿಗೆ ಇಳಿಯುತ್ತದೆ. ಹಾಗೆ ಬಳಿದವರು ತಮ್ಮ ಕಾಲದ ಶೈಲಿಯನ್ನೇ ತಿದ್ದುತ್ತಾರೆ. ಹೀಗಾಗಿ ಒಳಗಿನ ಇಟ್ಟಿಗೆ ಗುಪ್ತರದಾಗಿದ್ದು, ಹೊರಗಿನ ಅಲಂಕಾರ ಪಾಲರದೋ ಬರ್ಮಿಯರದೋ ಆಗಿರುವುದು ಅಸಹಜವೇನಲ್ಲ. ಕಲ್ಲಿನ ಗುಡಿಯಲ್ಲಿ ಶಿಲ್ಪವೇ ಗೋಡೆ. ಇಲ್ಲಿ ಗೋಡೆ ಬೇರೆ, ಶಿಲ್ಪ ಬೇರೆ.

ಇಟ್ಟಿಗೆ ಕಟ್ಟಡದ ಪರಮ ಶತ್ರು ಯಾವುದೆಂದು ಕೇಳಿದರೆ ದುರಸ್ತಿಯ ಕೆಲಸ ಮಾಡಿದ ಯಾರೇ ಆದರೂ ಅರಳಿ ಸಸಿ ಎನ್ನುತ್ತಾರೆ. ಹಕ್ಕಿ ತಂದು ಹಾಕಿದ ಬೀಜ ಸಂದಿಯಲ್ಲಿ ಮೊಳೆತು, ಬೇರು ದಪ್ಪವಾದಂತೆ ವರಸೆಗಳನ್ನೇ ಬೇರ್ಪಡಿಸುತ್ತದೆ. ಅರಳಿ ಮರವನ್ನೇ ಪೂಜಿಸುವ ಸ್ಥಳದಲ್ಲಿ, ಅದರ ಬೆನ್ನಿಗೇ ಇಟ್ಟಿಗೆಯ ಗೋಪುರವನ್ನು ಕಟ್ಟಿ, ಶತಮಾನಗಳ ಕಾಲ ಸಸಿ ಕೀಳುತ್ತ ಕಾಪಾಡಿಕೊಂಡು ಬಂದವರ ತಾಳ್ಮೆಯನ್ನು ಮೆಚ್ಚಬೇಕು.

ಪೂರ್ವದೇಶ (ಉತ್ತರ)

ಇಬ್ಬರೂ ಬರ್ಮಿಯರ ಪಾತ್ರವನ್ನು ಬಹಳ ಕಡಿಮೆಮಾಡಿದ್ದೀರಿ ಎಂದು ನನ್ನ ತಕರಾರು. ಪಗಾನಿನ ದೊರೆ ಕ್ಯಾನ್‌ಸಿತ್ತ 1100ರ ಆಸುಪಾಸಿನಲ್ಲಿ ವಜ್ರಾಸನದ ದೇವಾಲಯದ ಜೀರ್ಣೋದ್ಧಾರಕ್ಕೆಂದು ಹಡಗಿನಲ್ಲಿ ಸಂಪತ್ತನ್ನು ಕಳುಹಿಸಿದುದನ್ನು ಅವನ ಶಾಸನವೇ ಹೇಳುತ್ತದೆ. 13ನೆಯ ಶತಮಾನದ ಕೊನೆಯಲ್ಲಿ ಮತ್ತೊಮ್ಮೆ ದುರಸ್ತಿ ಮಾಡಿಸಿದ ಬರ್ಮೀ ಶಾಸನ ಬೋಧಗಯೆಯಲ್ಲಿಯೇ ದೊರೆತಿದೆ. ಒಳಗಿನ ಇಟ್ಟಿಗೆಯ ಕಮಾನುಗಳು ಈ ದುರಸ್ತಿಗಳ ಸೇರ್ಪಡೆಯೆಂದು ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ನಂಬಿದ್ದರು. ಪಗಾನಿನ ಇಟ್ಟಿಗೆ ಗುಡಿಗಳ ಕಮಾನಿನ ಛಾವಣಿಗಳನ್ನು ನೋಡಿದವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸುವುದಿಲ್ಲ. ಆ ಕಾಲದಲ್ಲಿ ಕಮಾನು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಈ ಕಡೆ ಕಡಿಮೆ.

ಈ ಕಮಾನುಗಳ ಮೇಲೆ 19ನೆಯ ಶತಮಾನದಲ್ಲಿ ದೊಡ್ಡ ಜಗಳವೇ ನಡೆಯಿತು. ಮುಸ್ಲಿಮರು ಬರುವವರೆಗೆ ಭಾರತೀಯರು ನಿಜವಾದ ಕಮಾನನ್ನು (ವರಸೆಗಳನ್ನು ಮುಂಚಾಚಿ ಸೇರಿಸಿದ್ದಲ್ಲ, ಇಟ್ಟಿಗೆಗಳನ್ನು ಬಿಲ್ಲಿನಂತೆ ಒಂದಕ್ಕೊಂದು ಆನಿಸಿ ಕಟ್ಟಿದ್ದನ್ನು) ಬಳಸುತ್ತಿರಲಿಲ್ಲವೆಂದು ಹಿಡಿದವರು ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್. ಬೋಧಗಯೆಯ ಕಮಾನುಗಳನ್ನೇ ಮುಂದಿಟ್ಟು ಅದನ್ನು ಅಲ್ಲಗಳೆದವರು ರಾಜೇಂದ್ರಲಾಲ್ ಮಿತ್ರ. ಭಾರತೀಯ ವಿದ್ವಾಂಸನೊಬ್ಬ ತನ್ನನ್ನು ತಿದ್ದಲು ಬಂದನೆಂಬ ಸಿಟ್ಟು ಫರ್ಗ್ಯುಸನ್ನರ ಬರಹದಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ನಾಲ್ಕು ಮೂಲೆಗಳ ಚಿಕ್ಕ ಗೋಪುರಗಳ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲ. 1880ರ ನವೀಕರಣವನ್ನು ಟೀಕಿಸುವವರ ಮುಖ್ಯ ಗುರಿ ಅವೇ. ಕೆಲಸ ಆರಂಭವಾದಾಗ ಅವು ನಿಂತಿರಲಿಲ್ಲ. ಮೇಲ್ವಿಚಾರಕರಾಗಿದ್ದ ಜೆ. ಡಿ. ಬೆಗ್ಲರ್, ಅವಶೇಷಗಳ ನಡುವೆ ಸಿಕ್ಕ ದೇವಾಲಯದ ಒಂದು ಪುಟ್ಟ ಕಲ್ಲಿನ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಅವನ್ನು ಕಟ್ಟಿಸಿದರು. ಒಂದು ಆಟಿಕೆಯಂಥ ಮಾದರಿಯನ್ನು ನಂಬಿ ದೇವಾಲಯದ ರೂಪವನ್ನೇ ಬದಲಿಸಿದರೆಂಬುದು ಆಕ್ಷೇಪ.

ಆದರೆ ಈ ಆಕ್ಷೇಪಕ್ಕೆ ಉತ್ತರ ಬೋಧಗಯೆಯ ಹೊರಗೆ ಇದೆ. ಮೂಲ ದೇವಾಲಯ ಇನ್ನೂ ತಕ್ಕಮಟ್ಟಿಗೆ ಸುಸ್ಥಿತಿಯಲ್ಲಿದ್ದಾಗ ಅದರ ಪ್ರತಿಗಳನ್ನು ಹಲವು ದೇಶಗಳಲ್ಲಿ ಕಟ್ಟಿದ್ದರು. ಪಗಾನಿನ ಮಹಾಬೋಧಿ 13ನೆಯ ಶತಮಾನದ್ದು. ಗೂಡುಗಳ ಸಾಲು ಸಾಲಾಗಿ ಏರುವ ನೇರ ಗೋಪುರ ಅಲ್ಲಿದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ಯಲ್ಲಿ ದೊರೆ ತಿಲೋಕರಾಜ 1455ರಲ್ಲಿ ಆರಂಭಿಸಿದ ವಾಟ್ ಚೆಟ್ ಯೋಟ್‌ನಲ್ಲಿ ನಡುವಿನ ದೊಡ್ಡ ಗೋಪುರದ ಸುತ್ತ ಚಿಕ್ಕವು ನಿಂತಿವೆ. ಬೀಜಿಂಗಿನಲ್ಲಿ 1473ರಲ್ಲಿ ಮುಗಿದ ವುತಾ ಸಿಯಲ್ಲಿ ಒಂದೇ ಎತ್ತರದ ಜಗತಿಯ ಮೇಲೆ ಐದು ಗೋಪುರಗಳು. ನೇಪಾಳದ ಪಾಟನ್ನಿನ ಮಹಾಬೌದ್ಧ, ಟಿಬೆಟ್ಟಿಗೆ ಯಾತ್ರಿಕರು ಹೊತ್ತೊಯ್ದ ಕಲ್ಲಿನ ಹಾಗೂ ಗಂಧದ ಮರದ ಪುಟ್ಟ ಮಾದರಿಗಳು, ಎಲ್ಲದರಲ್ಲೂ ಐದರ ಆ ಗುಂಪು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಇಷ್ಟು ದೂರದೂರದವರು ಒಬ್ಬರನ್ನೊಬ್ಬರು ಕೇಳದೆ ಅದೇ ಕಲ್ಪನೆಯನ್ನು ಮಾಡಿಕೊಂಡರೆಂದು ಹೇಳಲಾಗದು. ಮೂಲೆಯ ಗೋಪುರಗಳು ಕಡೇಪಕ್ಷ ಮಧ್ಯಯುಗದ ಹೊತ್ತಿಗೆ ಅಲ್ಲಿದ್ದವು. ಬೆಗ್ಲರ್ ಅವುಗಳ ಅಳತೆ, ವಿವರಗಳಲ್ಲಿ ಎಡವಿರಬಹುದು. ಅವನ್ನು ಹುಟ್ಟಿಸಿದವರು ಅವರಲ್ಲ.

ಶಿಲಾಲೇಖ (ಉತ್ತರ)

ಪೂರ್ವದೇಶ ಅವರ ಪ್ರತಿಗಳ ವಾದವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಮಾನುಗಳ ವಿಷಯದಲ್ಲಿ ಮಾತ್ರ ಒಪ್ಪಿಗೆಯಿಲ್ಲ. ಕಾನ್ಪುರ ಜಿಲ್ಲೆಯ ಭಿತರ್‌ಗಾಂವ್‌ನ ಇಟ್ಟಿಗೆ ದೇವಾಲಯ 5ನೆಯ ಶತಮಾನದ್ದು, ಬೌದ್ಧರದಲ್ಲ, ಬರ್ಮಿಯರ ಕೈ ಸೋಕಿದ್ದೂ ಅಲ್ಲ. ಅಲ್ಲಿ ನಿಜವಾದ ಕಮಾನುಗಳಿವೆ. ಹಾಗಿರುವಾಗ ಗುಪ್ತರ ಕಾಲದ ಇಟ್ಟಿಗೆಯವರಿಗೆ ಕಮಾನು ಗೊತ್ತಿರಲಿಲ್ಲವೆಂಬ ಫರ್ಗ್ಯುಸನ್ನರ ಆಧಾರವೇ ಕುಸಿಯುತ್ತದೆ. ಬೋಧಗಯೆಯ ನಿರ್ದಿಷ್ಟ ಕಮಾನೊಂದು ನಂತರದ್ದಾಗಿರಬಹುದು, ಆದರೆ ಕಮಾನು ಎಂಬ ಕಾರಣಕ್ಕೇ ಅದು ನಂತರದ್ದಾಗುವುದಿಲ್ಲ. ಈ ಅಂಶದಲ್ಲಿ ಮಿತ್ರ ಅವರೇ ಸರಿ.

ಗೋಪುರದ ಬಗ್ಗೆ ಒಂದು ಸೂಕ್ಷ್ಮ ಸಾಕ್ಷ್ಯವನ್ನು ಹಿಂದೆ ಹೇಳಲು ಬಿಟ್ಟಿದ್ದೆ. ದೇವಾಲಯದ ಉತ್ತರದ ಗೋಡೆಗೆ ತಾಗಿದಂತೆ ರತ್ನಚಂಕ್ರಮ, ಅಂದರೆ ಬುದ್ಧ ನಡೆದಾಡಿದನೆಂಬ ಉದ್ದನೆಯ ಕಟ್ಟೆಯಿದೆ. ಅದರ ಎರಡೂ ಬದಿಗೆ ಕಂಬಗಳ ಸಾಲಿತ್ತು; ಕಂಬಪೀಠಗಳ ಮೇಲೆ ಒಂದೊಂದು ಬ್ರಾಹ್ಮಿ ಅಕ್ಷರವನ್ನು ಗುರುತಿಗಾಗಿ ಕೊರೆದಿದ್ದರು. ಉತ್ತರದ ಸಾಲು ಬಯಲಿಗೆ ಬಂದಿತು. ದಕ್ಷಿಣದ ಸಾಲು ದೇವಾಲಯದ ತಳಪಾದಿಯಡಿ ಹೂತುಹೋಗಿತ್ತು. ಅಂದರೆ ಚಂಕ್ರಮದ ಮಂಟಪ ಮೊದಲು, ದೇವಾಲಯದ ಈಗಿನ ಮೈ ಅದರ ಮೇಲೆ ಹರಡಿದ್ದು ನಂತರ. ಅಶೋಕನ ಗೋಪುರವೆಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಡ.

ಇನ್ನೊಂದು ಸಂಗತಿ. ಈ ದೇವಾಲಯದಲ್ಲಿ ಇಟ್ಟಿಗೆ ಕಟ್ಟಲು ಮಾತ್ರವಲ್ಲ, ಬಚ್ಚಿಡಲೂ ಬಳಕೆಯಾಗಿದೆ. ಬಂಗಾಳದ ಗೌಡ ರಾಜ್ಯದ ದೊರೆ ಶಶಾಂಕ ಬೋಧಿವೃಕ್ಷವನ್ನು ಕಡಿಸಿ, ಬುದ್ಧನ ಮೂರ್ತಿಯನ್ನು ತೆಗೆದು ಮಹೇಶ್ವರನನ್ನು ಇಡುವಂತೆ ಆಜ್ಞಾಪಿಸಿದಾಗ, ಅವನ ಅಧಿಕಾರಿ ಮೂರ್ತಿಯನ್ನು ಮುಟ್ಟಲು ಹೆದರಿ ಅದರ ಮುಂದೆ ಇಟ್ಟಿಗೆಯ ಗೋಡೆ ಎಬ್ಬಿಸಿ, ಒಳಗೊಂದು ದೀಪವಿಟ್ಟನೆಂದು ಹ್ಯೂಯೆನ್ ತ್ಸಾಂಗ್ ಬರೆಯುತ್ತಾನೆ. ಮರವನ್ನು ಮತ್ತೆ ಚಿಗುರಿಸಿ, ಸುತ್ತ 24 ಅಡಿ ಎತ್ತರದ ಗೋಡೆ ಕಟ್ಟಿಸಿದವನು ಮಗಧದ ಪೂರ್ಣವರ್ಮ. ಆರು ಶತಮಾನಗಳ ನಂತರ, 1234ರಲ್ಲಿ ಟಿಬೆಟ್ಟಿನ ಯಾತ್ರಿಕ ಧರ್ಮಸ್ವಾಮಿ ಬಂದಾಗ ಅಲ್ಲಿ ಉಳಿದಿದ್ದವರು ನಾಲ್ವರು ಭಿಕ್ಷುಗಳು. ತುರುಷ್ಕರ ಭಯದಿಂದ ಅವರೂ ಮೂರ್ತಿಯಿದ್ದ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ ಗಾರೆ ಬಳಿದಿದ್ದರು. ಮೊದಲನೆಯದು ಕೇಳಿದ ಕಥೆ, ಎರಡನೆಯದು ಕಣ್ಣಾರೆ ಕಂಡದ್ದು. ಇತಿಹಾಸಕಾರರು ಎರಡಕ್ಕೂ ಒಂದೇ ತೂಕ ಕೊಡುವುದಿಲ್ಲ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಒಂದು ಮಾತು ಮಾತ್ರ ಉಳಿಯಿತು. 1880ರಲ್ಲಿ ಕೈಹಾಕಿದಾಗ ಗೋಪುರ ಯಾವ ಸ್ಥಿತಿಯಲ್ಲಿತ್ತು? ಅದು ತಿಳಿದರೆ ಬೆಗ್ಲರ್ ಎಷ್ಟನ್ನು ಕಟ್ಟಿದರು, ಎಷ್ಟನ್ನು ಉಳಿಸಿದರು ಎಂಬುದು ಸ್ಪಷ್ಟವಾಗುತ್ತದೆ.

ಗಾರೆಗೋಡೆ (ಉತ್ತರ)

ಇದಕ್ಕೆ ಆಗಿನ ಛಾಯಾಚಿತ್ರಗಳೇ ಉತ್ತರ ಹೇಳುತ್ತವೆ. ನವೀಕರಣಕ್ಕೆ ಮುಂಚಿನ ಚಿತ್ರಗಳಲ್ಲಿ ಗೋಪುರ ಬಹುಪಾಲು ಎತ್ತರಕ್ಕೆ ನಿಂತೇ ಇದೆ. ತುದಿ ಮೊಂಡಾಗಿದೆ, ಗಾರೆ ಉದುರಿ ಇಟ್ಟಿಗೆ ಬಯಲಾಗಿದೆ, ಸಂದುಗಳಲ್ಲಿ ಗಿಡಗಂಟಿ ಬೆಳೆದಿವೆ. ಪೂರ್ವದ ಮುಖಮಂಟಪ ಬಿದ್ದುಹೋಗಿದ್ದು, ಅದರ ಮೇಲೆ ಗೋಪುರದ ಮುಖದಲ್ಲಿ ತ್ರಿಕೋನಾಕಾರದ ದೊಡ್ಡ ತೆರವು ಎದ್ದು ಕಾಣುತ್ತದೆ. ಆ ತೆರವಿನ ಅಂಚುಗಳನ್ನು ನೋಡಿ: ಎರಡೂ ಕಡೆಯ ವರಸೆಗಳು ಮೆಟ್ಟಿಲುಮೆಟ್ಟಿಲಾಗಿ ಮುಂಚಾಚಿ ಮೇಲೆ ಒಂದಾಗುತ್ತವೆ. ಅದು ಬಿರುಕಲ್ಲ, ಉದ್ದೇಶಪೂರ್ವಕವಾಗಿ ಬಿಟ್ಟ ತೆರವು; ಮೇಲಿನ ಭಾರವನ್ನು ಬಾಗಿಲ ಮೇಲೆ ಬೀಳಿಸದೆ ಎರಡು ಬದಿಗೆ ಹಂಚುವ ಉಪಾಯ.

ಬರ್ಮಾದ ದೊರೆ ಮಿಂಡಾನ್ 1870ರ ದಶಕದಲ್ಲಿ ದುರಸ್ತಿಗೆಂದು ತನ್ನ ಜನರನ್ನು ಕಳುಹಿಸಿದ. ಅವರ ಭಕ್ತಿ ದೊಡ್ಡದು, ಆದರೆ ಹಳೆಯ ಅವಶೇಷಗಳನ್ನು ಕಿತ್ತು ಅದೇ ಇಟ್ಟಿಗೆಯಲ್ಲಿ ಹೊಸ ಗೋಡೆ ಕಟ್ಟುತ್ತಿದ್ದಾರೆಂದು ದೂರುಗಳು ಬಂದವು. ಸರಕಾರ 1877ರಲ್ಲಿ ರಾಜೇಂದ್ರಲಾಲ್ ಮಿತ್ರರನ್ನು ಪರಿಶೀಲನೆಗೆ ಕಳುಹಿಸಿದ್ದು ಇದೇ ಕಾರಣಕ್ಕೆ. ನಂತರ 1880ರಿಂದ ಬೆಗ್ಲರ್, ಕನ್ನಿಂಗ್‌ಹ್ಯಾಮ್ ಅವರ ಸಲಹೆಯೊಂದಿಗೆ, ಸರಕಾರದ ವತಿಯಿಂದ ಕೆಲಸ ಕೈಗೊಂಡರು. ಹೊರಮೈಯ ಗಾರೆ, ಗೂಡುಗಳ ಅಲಂಕಾರದ ಬಹುಪಾಲು, ಪೂರ್ವದ ಮುಖಮಂಟಪ, ಮೂಲೆಯ ನಾಲ್ಕು ಗೋಪುರಗಳು, ತುದಿಯ ಪುನರ್ರಚನೆ ಇವು ಅವರ ಲೆಕ್ಕಕ್ಕೆ ಸೇರುತ್ತವೆ. ನಡುಗೋಪುರದ ಒಡಲು, ಅದರ ವಾಲಿಕೆ, ಗೂಡುಗಳ ಹಂಚಿಕೆ ಹಳೆಯವು. ನನ್ನ ವೃತ್ತಿಯ ಇಂದಿನ ನಿಯಮದ ಪ್ರಕಾರ ಹೊಸದಾಗಿ ಸೇರಿಸಿದ್ದು ಹೊಸದೆಂದು ಗುರುತು ಸಿಗುವಂತಿರಬೇಕು. ಬೆಗ್ಲರ್ ಎಲ್ಲಕ್ಕೂ ಒಂದೇ ಗಾರೆ ಬಳಿದು ಆ ಗೆರೆಯನ್ನು ಅಳಿಸಿದರು. ಅವರ ಮೇಲೆ ನನಗಿರುವ ದೂರು ಇದೊಂದೇ. ಅವರು ಕೈಹಾಕದಿದ್ದರೆ ಇನ್ನೈವತ್ತು ಮಳೆಗಾಲಕ್ಕೆ ಗೋಪುರ ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ.

ನೀವು ಅಲ್ಲಿಗೆ ಹೋಗುವುದಾದರೆ, ಸುತ್ತಲಿನ ನೆಲಕ್ಕಿಂತ ಸುಮಾರು 5 ಮೀಟರ್ ಕೆಳಕ್ಕೆ ಮೆಟ್ಟಿಲಿಳಿದು ದೇವಾಲಯವನ್ನು ತಲುಪಬೇಕೆಂಬುದನ್ನು ಗಮನಿಸಿ. ಶತಮಾನಗಳ ಇಟ್ಟಿಗೆ ಚೂರು, ಗಾರೆ, ಹರಕೆಯ ಸ್ತೂಪಗಳ ಅವಶೇಷ ಎಲ್ಲ ಸೇರಿ ಏರಿದ್ದ ಮಟ್ಟ ಅದು. 1880ರ ದಶಕದವರು ದೇವಾಲಯದ ಸುತ್ತ ಅಗೆದು ಹಳೆಯ ನೆಲವನ್ನು ಹೊರತೆಗೆದರು. ಕಟಕಟೆಯ ಮೂಲ ಕಂಬಗಳಲ್ಲಿ ಹಲವು ಈಗ ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ದೇವಾಲಯದ ಸುತ್ತ ಕಾಣುವವುಗಳಲ್ಲಿ ಪ್ರತಿಕೃತಿಗಳೂ ಬೆರೆತಿರುವುದರಿಂದ, ಕುರಂಗಿಯ ಹೆಸರನ್ನು ಓದಬೇಕೆಂದರೆ ಮೊದಲು ಅಲ್ಲಿಗೆ ಹೋಗಿ.